ಬೋರ್ಡ್ ಆಮೇಲೆ ಆಯ್ಕೆ ಮಾಡಿ, ಮೊದಲು ಸೆನ್ಸರ್ ವೈರ್ ಕಿತ್ತು ನೋಡಿ

"ಸರ್, ಗೀಸರ್ ಆಟೋಮೇಷನ್‌ಗೆ ಇಎಸ್‌ಪಿ32 ತಗೊಳ್ಳಲಾ, ಆರ್ಡುಯಿನೋ ಸಾಕಾ? ಡಿಸ್‌ಪ್ಲೇ ಮಾತ್ರ ಟಚ್ ಇರೋದೇ ಬೇಕು." ಚಳಿ ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಇಎಸ್‌ಪಿ32, ಆರ್ಡುಯಿನೋ ಎರಡೂ ನಾವೇ ಕೋಡ್ ಬರೆದು ಹಾಕುವ ಪುಟ್ಟ ಕಂಪ್ಯೂಟರ್ ಬೋರ್ಡ್‌ಗಳು. ನಮ್ಮ ಕಡೆ ಮನೆಯನ್ನೇ ಬಿಸಿ ಮಾಡುವ ಗೋಜಿಲ್ಲ, ಕಾಯಬೇಕಾದದ್ದು ಸ್ನಾನದ ನೀರು ಅಷ್ಟೆ. ಕೇಳುವವರು ಹೆಚ್ಚಾಗಿ ಎಂಜಿನಿಯರಿಂಗ್ ಓದುವ ಹುಡುಗರು. ಅವರ ಹುಮ್ಮಸ್ಸು ನೋಡಿದರೆ ನನಗೆ ಖುಷಿ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಬೋರ್ಡ್ ಕೈಕೊಟ್ಟರೆ ಹೀಟರ್ ಆಫ್ ಆಗುತ್ತದಾ, ಆನ್ ಆಗಿಯೇ ಉಳಿಯುತ್ತದಾ?

ಹೋದ ವರ್ಷ ಶಿವಮೊಗ್ಗದ ಒಬ್ಬ ಹುಡುಗ ತನ್ನ ಪ್ರಾಜೆಕ್ಟ್ ತೋರಿಸಿದ. ಬಣ್ಣದ ಸ್ಕ್ರೀನ್, ಮೊಬೈಲ್ ಆ್ಯಪ್, ಎಲ್ಲಾ ಚೆನ್ನಾಗಿತ್ತು. ಪೈಪಿಗೆ ಕಟ್ಟಿದ್ದ, ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್‌ನ ವೈರನ್ನು ನಾನು ಸುಮ್ನೆ ಕಿತ್ತೆ. ಸ್ಕ್ರೀನ್ ಮೇಲೆ ಮೈನಸ್ 127 ಡಿಗ್ರಿ ಬಂತು. ರಿಲೇ, ಅಂದರೆ ಬೋರ್ಡ್ ಹೇಳಿದಂತೆ ಹೀಟರ್‌ಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್, ಟಕ್ ಅಂತ ಆನ್ ಆಯಿತು. ಯಾಕೆ ಅಂದರೆ ಆ ಸೆನ್ಸರ್‌ಗೆ ಎಲ್ಲರೂ ಬಳಸುವ ಆರ್ಡುಯಿನೋ ಲೈಬ್ರರಿ (ಸಿದ್ಧ ಕೋಡ್), ಸೆನ್ಸರ್ ಸಿಗದಿದ್ದರೆ ಮೈನಸ್ 127 ಅಂತ ಹೇಳುತ್ತದೆ. ಹುಡುಗನ ಕೋಡ್‌ನಲ್ಲಿ ಇದ್ದದ್ದು ಒಂದೇ ಸಾಲು, 50 ಡಿಗ್ರಿಗಿಂತ ಕಡಿಮೆ ಇದ್ದರೆ ಆನ್ ಮಾಡು. ಮೈನಸ್ 127 ಅಂದರೆ ಕಡಿಮೆಯೇ ಅಲ್ವಾ? ಇಲಿ ಒಂದು ವೈರ್ ಕಡಿದರೆ ಬೋರ್ಡ್ ಹೀಟರನ್ನು ಆಫ್ ಮಾಡುವುದೇ ಇಲ್ಲ. ಸಾಲದ್ದಕ್ಕೆ "ಸೆನ್ಸರ್ ಇದೆಯಲ್ಲ ಸರ್, ಗೀಸರ್ ಒಳಗಿನ ಥರ್ಮೋಸ್ಟಾಟ್ ಬೈಪಾಸ್ ಮಾಡಬೇಕು ಅಂತಿದ್ದೀನಿ" ಅಂದ. ನೀರು ಕಾದ ಮೇಲೆ ತಾನಾಗಿ ಕರೆಂಟ್ ಕಡಿಯುವ ಭಾಗವೇ ಅದು! ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆ.

ಇನ್ನೊಂದು ಸಲ ಹೇಳುತ್ತೇನೆ. ಗೀಸರ್‌ನ ಸ್ವಂತ ಥರ್ಮೋಸ್ಟಾಟ್, ಅದು ಕೈಕೊಟ್ಟರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್, ಒತ್ತಡ ಜಾಸ್ತಿಯಾದರೆ ತೆರೆಯುವ ಪ್ರೆಶರ್ ವಾಲ್ವ್, ಇವುಗಳನ್ನು ಮುಟ್ಟಬೇಡಿ. ನಿಮ್ಮ ಬೋರ್ಡ್ ಗೀಸರ್‌ಗೆ ಹೋಗುವ ಕರೆಂಟನ್ನು ಹೊರಗಿನಿಂದ ಕೊಡಬೇಕು, ಕಡಿಯಬೇಕು, ಅಷ್ಟೇ ಅದರ ಕೆಲಸ. ಕೋಡ್‌ನಲ್ಲಿ, ಓದಿದ ಅಂಕಿ 5ಕ್ಕಿಂತ ಕೆಳಗೆ ಅಥವಾ 80ಕ್ಕಿಂತ ಮೇಲೆ ಇದ್ದರೆ ಅದನ್ನು ನಂಬದೆ ಹೀಟರ್ ಆಫ್ ಮಾಡಿ. ಇದೇ ಸೆನ್ಸರ್ ಪವರ್ ಬಂದ ಕೂಡಲೇ, ಇನ್ನೂ ಅಳತೆ ಮಾಡುವ ಮೊದಲು, 85 ಅಂತ ತೋರಿಸುತ್ತದೆ. ಅದೂ ನಿಜವಾದ ಬಿಸಿ ಅಲ್ಲ. ಸಮಯದ ಮಿತಿಯನ್ನೂ ಹಾಕಿ. 25 ಲೀಟರ್ ನೀರು 20 ಡಿಗ್ರಿಯಿಂದ 55ಕ್ಕೆ ಏರಲು 2 ಕಿಲೋವಾಟ್ ಹೀಟರ್‌ಗೆ ಸುಮಾರು ಅರ್ಧ ಗಂಟೆ ಸಾಕು. ಮುಕ್ಕಾಲು ಗಂಟೆ ಆದರೂ ಆರಿಲ್ಲ ಅಂದರೆ ಎಲ್ಲೋ ಎಡವಟ್ಟಾಗಿದೆ, ಆಫ್ ಆಗಲಿ. ಕೋಡ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬೋರ್ಡನ್ನು ತಾನಾಗಿ ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಮರೆಯಬೇಡಿ.

ರಿಲೇ ವಿಷಯ. 2 ಕಿಲೋವಾಟ್ ಅಂದರೆ 230 ವೋಲ್ಟ್‌ಗೆ ಹತ್ತಿರ ಹತ್ತಿರ 9 ಆಂಪ್. ಎಲ್ಲರೂ ತರುವ ಆ ನೀಲಿ ರಿಲೇ ಮೇಲೆ 10 ಆಂಪ್ ಅಂತ ಬರೆದಿರುತ್ತದೆ, ಅದು ಅದರ ಗರಿಷ್ಠ ಮಿತಿ. ದಿನಾ ಮಿತಿಯ ಅಂಚಿನಲ್ಲಿ ಓಡಿಸಿದರೆ ಕಾಂಟ್ಯಾಕ್ಟ್ ಒಂದಕ್ಕೊಂದು ಅಂಟಿಕೊಳ್ಳಬಹುದು. ಆಗ ಸ್ಕ್ರೀನ್ ಆಫ್ ಅನ್ನುತ್ತದೆ, ಗೀಸರ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಚಿಕ್ಕ ರಿಲೇಯಿಂದ ಒಂದು 25 ಆಂಪ್ ಕಾಂಟ್ಯಾಕ್ಟರ್ (ದೊಡ್ಡ ಕರೆಂಟ್ ತಡೆಯುವ ದಪ್ಪ ರಿಲೇ) ನಡೆಸಿ. ನಿಮ್ಮ ಮನೆಯ ವೈರಿಂಗ್, ಅರ್ಥಿಂಗ್ ನಾನು ನೋಡಿಲ್ಲ, ಹಾಗಾಗಿ 230 ವೋಲ್ಟ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಇನ್ನು ಬೋರ್ಡ್. ವೈಫೈ ಬೇಕಾದರೆ ಇಎಸ್‌ಪಿ32, ಬೇಡವಾದರೆ ಆರ್ಡುಯಿನೋ ನ್ಯಾನೋ ಧಾರಾಳ ಸಾಕು. ಇಎಸ್‌ಪಿ32ರಲ್ಲಿ 0, 2, 5, 12, 15ನೇ ಪಿನ್‌ಗಳಿಗೆ ಬೋರ್ಡ್ ಶುರುವಾಗುವಾಗ ಬೇರೆ ಕೆಲಸ ಇರುತ್ತದೆ, ರಿಲೇಯನ್ನು ಅಲ್ಲಿಗೆ ಹಾಕಬೇಡಿ. 34ರಿಂದ 39ರವರೆಗಿನವು ಇನ್‌ಪುಟ್‌ಗೆ ಮಾತ್ರ, ಅವುಗಳಿಂದ ರಿಲೇ ನಡೆಯುವುದಿಲ್ಲ. ಗೀಸರ್ ಜಾಗದಲ್ಲಿ ಒಂದು ಬಲ್ಬ್ ಹಾಕಿ, ರೀಸೆಟ್ ಬಟನ್ ಹತ್ತು ಸಲ ಒತ್ತಿ. ಬಲ್ಬ್ ಒಂದು ಸಲ ಮಿನುಗಿದರೂ ಆ ಪಿನ್ ಬೇಡ.

ಡಿಸ್‌ಪ್ಲೇಗೆ ಜಾಸ್ತಿ ದುಡ್ಡು ಹಾಕುವವರನ್ನು ನೋಡಿದರೆ ಬೇಜಾರಾಗುತ್ತದೆ. ನ್ಯಾನೋದಲ್ಲಿ ರ್‍ಯಾಮ್ ಇರುವುದೇ 2 ಕಿಲೋಬೈಟ್. 128 x 64 ಚುಕ್ಕೆಗಳ ಓಎಲ್‌ಇಡಿ ಸ್ಕ್ರೀನ್‌ನ ಚಿತ್ರವನ್ನು ಪೂರ್ತಿ ಇಟ್ಟುಕೊಳ್ಳಲು ಅದರಲ್ಲಿ ಅರ್ಧ ಹೋಗುತ್ತದೆ. ಒಂದೇ ಅಂಕಿ ಹಗಲು ರಾತ್ರಿ ಉರಿದರೆ ಓಎಲ್‌ಇಡಿಯಲ್ಲಿ ಅದರ ಗುರುತು ಉಳಿಯುತ್ತದೆ. ಬಚ್ಚಲಿನ ಹಬೆಗೆ ಯಾವುದನ್ನೂ ಒಡ್ಡಬೇಡಿ, ಡಿಸ್‌ಪ್ಲೇ ಬಾಗಿಲ ಹೊರಗೇ ಇರಲಿ.

ಮೈಸೂರಿನ ಒಂದು ಮನೆಯಲ್ಲಿ ಮೊಮ್ಮಗ ಬಣ್ಣದ ಟಿಎಫ್‌ಟಿ ಸ್ಕ್ರೀನ್ ಹಾಕಿ, ಗ್ರಾಫ್ ಬೇರೆ ಬರೆಸಿದ್ದ. ಅಜ್ಜಿ ಮಾತ್ರ ದಿನಾ ಬೆಳಿಗ್ಗೆ "ನೀರು ಕಾದಿದೆಯೇನೋ?" ಅಂತ ಅವನನ್ನೇ ಕೂಗುತ್ತಿದ್ದರು. ಅದನ್ನು ತೆಗೆದು ಟಿಎಂ1637 ಚಿಪ್ ಇರುವ ನಾಲ್ಕಂಕಿಯ ಕೆಂಪು ಡಿಸ್‌ಪ್ಲೇ ಹಾಕಿದೆವು, ಪಕ್ಕದಲ್ಲಿ ಒಂದು ಹಸಿರು ಎಲ್‌ಇಡಿ. ಈಗ ಅಜ್ಜಿ ಹಸಿರು ದೀಪ ಕಂಡರೆ ಟವೆಲ್ ತಗೊಂಡು ಎದ್ದು ಹೋಗುತ್ತಾರೆ, ಹುಡುಗ ಇನ್ನರ್ಧ ಗಂಟೆ ಮಲಗುತ್ತಾನೆ.