ಪ್ಯಾಚ್ ಬಂದ ದಿನದಿಂದಲೇ ಶುರುವಾಗುವ ಅಪಾಯ

ಬ್ರೌಸರ್ ಪ್ಲಗಿನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಪ್ರೋಗ್ರಾಂ) ಒಂದರ ಭದ್ರತಾ ದೋಷಕ್ಕೆ ಕಂಪನಿಯು ಪ್ಯಾಚ್, ಅಂದರೆ ಅದನ್ನು ಸರಿಪಡಿಸುವ ಅಪ್‌ಡೇಟ್ ಬಿಡುಗಡೆ ಮಾಡಿದೆ ಎಂದು ಓದಿದವರಲ್ಲಿ ಅನೇಕರು ತೊಂದರೆ ಅಲ್ಲಿಗೆ ಮುಗಿಯಿತೆಂದು ಭಾವಿಸುತ್ತಾರೆ. ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿರುವ ನನಗೆ ನಿಜವಾದ ಆತಂಕ ಶುರುವಾಗುವುದು ಅಂದಿನಿಂದ. ಹಳೆಯ ಆವೃತ್ತಿಯ ಕಡತವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ಪ್ರೋಗ್ರಾಮಿನ ಯಾವ ಭಾಗ ಬದಲಾಗಿದೆ, ಯಾವ ಪರಿಶೀಲನೆ ಹೊಸದಾಗಿ ಸೇರಿದೆ ಎಂಬುದು ನುರಿತವರಿಗೆ ಗೊತ್ತಾಗಿಬಿಡುತ್ತದೆ; ದೋಷವೆಲ್ಲಿತ್ತು ಎಂಬುದನ್ನು ತಿದ್ದುಪಡಿಯೇ ತೋರಿಸಿಕೊಡುತ್ತದೆ. ಅಲ್ಲಿಯವರೆಗೆ ಕೆಲವರಿಗಷ್ಟೇ ತಿಳಿದಿದ್ದ ದಾರಿ ಆಮೇಲೆ ಯಾರಿಗೆ ಬೇಕಾದರೂ ಸಿಗುತ್ತದೆ, ಮತ್ತು ಅಪ್‌ಡೇಟ್ ಹಾಕಿಕೊಳ್ಳದ ಯಂತ್ರಗಳೆಲ್ಲ ಆ ದಾರಿಯಲ್ಲಿ ತೆರೆದುಕೊಂಡೇ ಇರುತ್ತವೆ.

ಪ್ಲಗಿನ್‌ಗಳ ವಿಷಯದಲ್ಲಿ ಇದು ವಿಶೇಷವಾಗಿ ಗಂಭೀರವಾಗಲು ಅವುಗಳ ರಚನೆಯೇ ಕಾರಣ. ನೆಟ್‌ಸ್ಕೇಪ್ ಎಂಬ ಹಳೆಯ ಬ್ರೌಸರಿನ ಕಾಲದಿಂದ ಬಂದ, ಪ್ಲಗಿನ್‌ಗಳನ್ನು ಬ್ರೌಸರಿಗೆ ಜೋಡಿಸುವ ಎನ್‌ಪಿಎಪಿಐ ವ್ಯವಸ್ಥೆಯಲ್ಲಿ ಪ್ಲಗಿನ್ ಎಂಬುದು ಕಂಪ್ಯೂಟರಿನ ಮೇಲೆ ನೇರವಾಗಿ ಓಡುವ ಪ್ರೋಗ್ರಾಂ. ಬಳಕೆದಾರನಿಗೆ ಯಾವ ಕಡತಗಳನ್ನು ಮುಟ್ಟುವ ಹಕ್ಕಿದೆಯೋ ಆ ಹಕ್ಕೆಲ್ಲ ಅದಕ್ಕೂ ಇರುತ್ತಿತ್ತು. ಅಪರಿಚಿತ ಜಾಲತಾಣದಿಂದ ಬಂದ ಕಡತವೊಂದನ್ನು ಅಂಥ ಪ್ರೋಗ್ರಾಂ ತೆರೆಯುವಾಗ ಅದರ ಮೆಮೊರಿ ನಿರ್ವಹಣೆಯಲ್ಲಿ ಸಣ್ಣ ತಪ್ಪಿದ್ದರೂ ಸಾಕು, ಪುಟವನ್ನು ನೋಡಿದ ಮಾತ್ರಕ್ಕೆ ಯಂತ್ರ ಬೇರೆಯವರ ಕೈಗೆ ಹೋಗಬಹುದು.

ಜಾಲಪುಟಗಳಲ್ಲಿ ವಿಡಿಯೋ, ಆಟಗಳನ್ನು ತೋರಿಸುತ್ತಿದ್ದ ಅಡೋಬಿ ಕಂಪನಿಯ ಫ್ಲ್ಯಾಶ್ ಪ್ಲೇಯರ್ ಎಂಬ ಪ್ಲಗಿನ್‌ನಲ್ಲಿ 2015ರ ಜುಲೈ ತಿಂಗಳಲ್ಲಿ ನಡೆದದ್ದು ಇದಕ್ಕೆ ಸ್ಪಷ್ಟ ಉದಾಹರಣೆ. ಇಟಲಿಯ ಹ್ಯಾಕಿಂಗ್ ಟೀಮ್ ಎಂಬ ಬೇಹುಗಾರಿಕೆ ತಂತ್ರಾಂಶದ ಕಂಪನಿಯ ಸುಮಾರು 400 ಗಿಗಾಬೈಟ್ ದಾಖಲೆಗಳು ಸೋರಿಕೆಯಾದಾಗ, ಅವುಗಳ ನಡುವೆ ಅಡೋಬಿಗೆ ತಿಳಿದೇ ಇರದ ಫ್ಲ್ಯಾಶ್ ದೋಷವೊಂದೂ ಅದನ್ನು ಬಳಸುವ ಸಿದ್ಧ ಪ್ರೋಗ್ರಾಮೂ ಇದ್ದವು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2015-5119 ಎಂದು ಗುರುತಿಸಲಾದ ಆ ದೋಷದಲ್ಲಿ, ಪ್ಲೇಯರ್ ತಾನು ಬಿಟ್ಟುಕೊಟ್ಟ ಮೆಮೊರಿಯ ತುಣುಕೊಂದನ್ನು ಇನ್ನೂ ತನ್ನದೆಂದೇ ತಿಳಿದು ಅಲ್ಲಿಗೆ ಬರೆಯುತ್ತಿತ್ತು. ಅಷ್ಟರಲ್ಲಿ ದಾಳಿಕೋರ ಆ ಜಾಗದಲ್ಲಿ ತನಗೆ ಬೇಕಾದುದನ್ನು ತಂದಿಟ್ಟಿರುತ್ತಿದ್ದ. ಅಡೋಬಿ ಜುಲೈ 8ರಂದು ತಿದ್ದುಪಡಿ ಕೊಡುವ ಮೊದಲೇ ಆಂಗ್ಲರ್‌ನಂಥ ದಾಳಿ ಪರಿಕರಗಳಿಗೆ ಈ ದೋಷ ಸೇರಿಹೋಗಿತ್ತು. ಅದೇ ಸೋರಿಕೆಯಿಂದ ಇನ್ನೆರಡು ದೋಷಗಳು ಹೊರಬಂದು ಜುಲೈ 14ರಂದು ಮತ್ತೊಂದು ಅಪ್‌ಡೇಟ್ ಬರಬೇಕಾಯಿತು.

ಈ ಎರಡನೆಯ ಅಪ್‌ಡೇಟ್‌ನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಬಿಡಿ ದೋಷವನ್ನು ಮುಚ್ಚುವುದಕ್ಕೂ ದೋಷಗಳ ಬಳಕೆಯನ್ನೇ ಕಷ್ಟಗೊಳಿಸುವುದಕ್ಕೂ ಇರುವ ಅಂತರ ಅದರಲ್ಲಿ ಕಾಣುತ್ತದೆ. ಫ್ಲ್ಯಾಶ್ ಮೇಲಿನ ಅನೇಕ ದಾಳಿಗಳಿಗೆ ಒಂದೇ ನಡೆ ಆಧಾರವಾಗಿತ್ತು: ಹೇಗಾದರೂ ಮಾಡಿ ವೆಕ್ಟರ್ ಎಂಬ ಪಟ್ಟಿಯ ಉದ್ದವನ್ನು ಸೂಚಿಸುವ ಸಂಖ್ಯೆಯನ್ನು ಹಿಗ್ಗಿಸಿದರೆ ಆ ಪಟ್ಟಿಯ ಮೂಲಕ ಇಡೀ ಮೆಮೊರಿಯನ್ನು ಓದಬಹುದಿತ್ತು, ಬರೆಯಬಹುದಿತ್ತು. ತಂತ್ರಾಂಶಗಳ ಭದ್ರತಾ ದೋಷಗಳನ್ನು ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಸಹಯೋಗದಿಂದ ರೂಪುಗೊಂಡ ರಕ್ಷಣೆಗಳು ಈ ಎರಡನೆಯ ಅಪ್‌ಡೇಟ್‌ನಲ್ಲಿ, ಅಂದರೆ 18.0.0.209 ಆವೃತ್ತಿಯಲ್ಲಿ ಬಂದವು. ಆ ಉದ್ದ ಬದಲಾಗಿದೆಯೇ ಎಂದು ಗುಪ್ತ ಮೌಲ್ಯವೊಂದರ ನೆರವಿನಿಂದ ಪರೀಕ್ಷಿಸುವುದೂ, ವೆಕ್ಟರ್‌ಗಳ ದತ್ತಾಂಶವನ್ನು ಮೆಮೊರಿಯ ಬೇರೆ ಭಾಗದಲ್ಲಿಡುವುದೂ ಅವುಗಳಲ್ಲಿ ಸೇರಿದ್ದವು. ನನ್ನ ದೃಷ್ಟಿಯಲ್ಲಿ ಇಂಥ ಒಂದು ಅಪ್‌ಡೇಟ್ ಹತ್ತಾರು ಬಿಡಿ ತಿದ್ದುಪಡಿಗಳಿಗೆ ಸಮ.

ಆದರೆ ಎಷ್ಟೇ ಒಳ್ಳೆಯ ತಿದ್ದುಪಡಿಯಾದರೂ ಯಂತ್ರವನ್ನು ತಲುಪದಿದ್ದರೆ ವ್ಯರ್ಥ. ಆರಕಲ್ ಕಂಪನಿ ಬ್ರೌಸರಿನಲ್ಲಿ ಪ್ಲಗಿನ್ ಆಗಿಯೂ ಓಡುತ್ತಿದ್ದ ಜಾವಾ ಎಂಬ ತನ್ನ ತಂತ್ರಾಂಶದ ಒಂದು ದೋಷವನ್ನು 2012ರ ಫೆಬ್ರುವರಿಯಲ್ಲಿ ಸರಿಪಡಿಸಿತ್ತು. ಮ್ಯಾಕ್ ಕಂಪ್ಯೂಟರುಗಳಿಗೆ ಜಾವಾವನ್ನು ಆಗ ಆಪಲ್ ತಾನೇ ಹಂಚುತ್ತಿದ್ದುದರಿಂದ ಅದೇ ತಿದ್ದುಪಡಿ ಅಲ್ಲಿಗೆ ಬಂದದ್ದು ಏಪ್ರಿಲ್ ತಿಂಗಳಲ್ಲಿ. ನಡುವಿನ ಆ ವಾರಗಳನ್ನು ಬಳಸಿಕೊಂಡ ಫ್ಲ್ಯಾಶ್‌ಬ್ಯಾಕ್ ಎಂಬ ಕುತಂತ್ರಾಂಶ ಆರು ಲಕ್ಷಕ್ಕೂ ಹೆಚ್ಚು ಮ್ಯಾಕ್‌ಗಳನ್ನು ಹೊಕ್ಕಿತೆಂದು ಭದ್ರತಾ ಕಂಪನಿಗಳು ಅಂದಾಜಿಸಿದವು.

ಅಪ್‌ಡೇಟ್ ತಲುಪಿದರೂ ಹಳೆಯದು ಉಳಿದುಬಿಡುವುದು ಇನ್ನೊಂದು ತೊಡಕು, ಮತ್ತು ಯಂತ್ರಗಳನ್ನು ಪರಿಶೀಲಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಫ್ಲ್ಯಾಶ್‌ಗೆ ವಿಂಡೋಸ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೊಂದು, ಫೈರ್‌ಫಾಕ್ಸ್‌ಗೊಂದು, ಕ್ರೋಮ್‌ನಂಥ ಬ್ರೌಸರುಗಳಿಗೊಂದು ಎಂದು ಬೇರೆ ಬೇರೆ ರೂಪಗಳಿದ್ದವು. ಒಂದನ್ನು ಹೊಸದಾಗಿಸಿದವರು ಉಳಿದವೂ ಹೊಸದಾದವೆಂದು ನಂಬುತ್ತಿದ್ದರು. ಜಾವಾದ ಅಪ್‌ಡೇಟ್‌ಗಳು ತಕ್ಷಣದ ಹಿಂದಿನ ಆವೃತ್ತಿಯನ್ನಷ್ಟೇ ತೆಗೆದು ಅದಕ್ಕೂ ಹಳೆಯವನ್ನು ಯಂತ್ರದಲ್ಲೇ ಬಿಡುತ್ತಿದ್ದವೆಂದೂ, ಇದನ್ನು ಬಳಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲವೆಂದೂ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆರಕಲ್ ಮೇಲೆ ಆರೋಪ ಹೊರಿಸಿತ್ತು. 2015ರ ಡಿಸೆಂಬರ್‌ನಲ್ಲಿ ಆ ಪ್ರಕರಣ ರಾಜಿಯಲ್ಲಿ ಮುಗಿಯಿತು. ಹಾಗೆಯೇ, ಅಪ್‌ಡೇಟ್ ಹಾಕಿದ ಮೇಲೂ ಬ್ರೌಸರನ್ನು ಮುಚ್ಚಿ ತೆರೆಯದಿದ್ದರೆ ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯ ಪ್ಲಗಿನ್ನೇ.

ಬಳಕೆದಾರರ ಅಸಡ್ಡೆಯೇ ಇದಕ್ಕೆಲ್ಲ ಕಾರಣವೆಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕೆಲಸದ ನಡುವೆ ಪದೇ ಪದೇ ಎದುರಾಗುವ ಕಿಟಕಿಯನ್ನು ಜನ ಮುಚ್ಚುವುದು ಸಹಜ. ಅದಲ್ಲದೆ ಅಪ್‌ಡೇಟ್ ಮಾಡಿ ಎಂಬ ಕಿಟಕಿಯನ್ನೇ ನಕಲು ಮಾಡಿ ಕುತಂತ್ರಾಂಶ ಹಂಚುವವರು ಎಷ್ಟೋ ಮಂದಿ ಇದ್ದರು. ಆ ಫ್ಲ್ಯಾಶ್‌ಬ್ಯಾಕ್ ಕೂಡ ಮೊದಲು ಹರಡಿದ್ದು ಫ್ಲ್ಯಾಶ್ ಇನ್‌ಸ್ಟಾಲರ್‌ನ ವೇಷದಲ್ಲಿ. ಕೇಳದೆಯೇ ಹಿನ್ನೆಲೆಯಲ್ಲಿ ನಡೆಯುವ ಅಪ್‌ಡೇಟ್ ಮಾತ್ರ ಈ ಎರಡೂ ತೊಂದರೆಗಳಿಗೆ ತಕ್ಕ ಪರಿಹಾರ. ಕ್ರೋಮ್ 2010ರಲ್ಲಿ ಫ್ಲ್ಯಾಶನ್ನು ತನ್ನೊಳಗೇ ಸೇರಿಸಿಕೊಂಡು ಬ್ರೌಸರಿನ ಜೊತೆಗೇ ನವೀಕರಿಸತೊಡಗಿತು. ಅಡೋಬಿ 2012ರ ಮಾರ್ಚ್‌ನಲ್ಲಿ 11.2 ಆವೃತ್ತಿಯೊಂದಿಗೆ ವಿಂಡೋಸ್‌ಗೆ ಮೌನ ಅಪ್‌ಡೇಟ್ ತಂದಿತು. ಹಾಗಾಗಿ ನನ್ನ ಸಲಹೆ ಇಷ್ಟೇ: ಸ್ವಯಂಚಾಲಿತ ಅಪ್‌ಡೇಟನ್ನು ಎಂದೂ ನಿಲ್ಲಿಸಬೇಡಿ, ಮತ್ತು ಜಾಲಪುಟವೊಂದು ತಾನಾಗಿ ಕೊಡಲು ಬರುವ ಅಪ್‌ಡೇಟನ್ನು ಎಂದೂ ಸ್ವೀಕರಿಸಬೇಡಿ.

ತಯಾರಕರು ಬೆಂಬಲ ನಿಲ್ಲಿಸಿದ ಪ್ಲಗಿನ್‌ಗೆ ಈ ಸಲಹೆಯೂ ಅನ್ವಯಿಸುವುದಿಲ್ಲ. ಫ್ಲ್ಯಾಶ್‌ನ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಫ್ಲ್ಯಾಶ್ ಕಡತಗಳನ್ನು ತೆರೆಯಲು ನಿರಾಕರಿಸುವಂತೆ ಅಡೋಬಿ ಕೊನೆಯ ಆವೃತ್ತಿಗಳಲ್ಲೇ ವ್ಯವಸ್ಥೆ ಮಾಡಿತ್ತು. ಈ ತಡೆಯನ್ನು ದಾಟಲು ಕೆಲವರು ಹುಡುಕಿ ಹುಡುಕಿ ಹಳೆಯ ಆವೃತ್ತಿಗಳನ್ನು ಹಾಕಿಕೊಳ್ಳುವುದುಂಟು, ಆದರೆ ಆ ಆವೃತ್ತಿಗಳ ದೋಷಗಳೆಲ್ಲ ಈಗ ಬಹಿರಂಗ. ಹಳೆಯ ತರಬೇತಿ ಪಾಠಕ್ಕೋ ಯಂತ್ರ ನಿಯಂತ್ರಣದ ಪರದೆಗೋ ಅದು ಬೇಕೇಬೇಕೆನ್ನುವವರು ಅದಕ್ಕಾಗಿ ಅಂತರ್ಜಾಲದ ಸಂಪರ್ಕವಿಲ್ಲದ ಪ್ರತ್ಯೇಕ ಕಂಪ್ಯೂಟರನ್ನು ಇಡಲಿ; ಉಳಿದೆಲ್ಲ ಕಡೆ ಪ್ಲಗಿನ್ನನ್ನು ಅಳಿಸಿಹಾಕಿ, ಅದರ ಪ್ರತಿ ಎಲ್ಲಿಯಾದರೂ ಉಳಿದಿದೆಯೇ ಎಂದು ಪ್ರತಿಯೊಂದು ಬ್ರೌಸರಿನಲ್ಲೂ ಬೇರೆ ಬೇರೆಯಾಗಿ ನೋಡಲಿ.