ಫಿರಂಗಿ ದಳದ ಅಧಿಕಾರಿ ಇಡೀ ಸೈನ್ಯದ ಮುಖ್ಯಸ್ಥರಾದದ್ದು ಹೇಗೆ?

ಪ್ರಶ್ನೆ: ಎದುರಿಗೆ ನುಗ್ಗಿ ಹೋರಾಡುವವರು ಕಾಲಾಳುಗಳು. ಫಿರಂಗಿಯವರು ದೂರದಲ್ಲಿ ನಿಂತು ಷೆಲ್ ಹೊಡೆಯುವವರು, ಅಲ್ವಾ? ಹಾಗಿದ್ದೂ ಎರಡನೇ ಮಹಾಯುದ್ಧದಲ್ಲಿ ಫಿರಂಗಿ ದಳದ ಅಲನ್ ಬ್ರೂಕ್ ಬ್ರಿಟಿಷ್ ಸೈನ್ಯಕ್ಕೇ ಮುಖ್ಯಸ್ಥರಾದರು. ಅದು ಹೇಗೆ?

ಉತ್ತರ: ಇನ್ನೊಬ್ಬರು ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂದು ಮೊದಲೇ ಲೆಕ್ಕ ಹಾಕುವುದೇ ಫಿರಂಗಿಯವರ ಕಸುಬು. ಬ್ರೂಕ್ ಆ ಲೆಕ್ಕವನ್ನೇ ಇಡೀ ಸೈನ್ಯಕ್ಕೆ ಹಾಕಿದರು. ಅವರು ಮೇಲೆ ಬಂದದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ.

1902ರಲ್ಲಿ ಸೈನ್ಯ ಸೇರಿದ ಬ್ರೂಕ್ ಕೆಲವು ವರ್ಷ ಭಾರತದಲ್ಲೂ ಇದ್ದರು. 1914ರ ಜುಲೈನಲ್ಲಿ, ರಜೆಯ ಮೇಲೆ ಊರಿಗೆ ಹೋಗಿದ್ದಾಗ ಅವರ ಮದುವೆಯಾಯಿತು. ಬೆನ್ನಲ್ಲೇ ಮೊದಲ ಮಹಾಯುದ್ಧ ಶುರುವಾಯಿತು. ಫ್ರಾನ್ಸಿನಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸ ಸಿಕಂದರಾಬಾದ್ ಕುದುರೆ ಸವಾರ ಬ್ರಿಗೇಡಿನ ಮದ್ದುಗುಂಡು ಸಾಗಿಸುವ ತಂಡದ್ದು. ಆಗ ಅವರಿನ್ನೂ ಲೆಫ್ಟಿನೆಂಟ್, ವಯಸ್ಸು 31. ಷೆಲ್ ತುಂಬಿದ ಗಾಡಿ ಹೊತ್ತಿಗೆ ಸರಿಯಾಗಿ ಫಿರಂಗಿಯ ಹತ್ತಿರ ಮುಟ್ಟಬೇಕು. ಹೆಸರು ತರುವ ಕೆಲಸವಲ್ಲ. ಆದರೆ ಷೆಲ್ ಮುಗಿದರೆ ಫಿರಂಗಿ ಸುಮ್ನೆ ಕಬ್ಬಿಣದ ಕೊಳವೆ.

1916ರಲ್ಲಿ, ಫ್ರಾನ್ಸಿನ ಸೋಮ್ ಕದನದ ಹೊತ್ತಿಗೆ, ಅವರು 18ನೇ ಡಿವಿಜನ್ನಿನ (ಸಾವಿರಾರು ಸೈನಿಕರ ದೊಡ್ಡ ತುಕಡಿ) ಫಿರಂಗಿಗಳ ಯೋಜನೆ ನೋಡಿಕೊಳ್ಳುತ್ತಿದ್ದರು. ಆಗಿನ ದೊಡ್ಡ ತಲೆನೋವು ಇದು: ಫಿರಂಗಿ ಹೊಡೆಯುವಷ್ಟು ಹೊತ್ತು ಜರ್ಮನ್ನರು ನೆಲದಡಿ ಅಡಗಿರುತ್ತಿದ್ದರು. ಹೊಡೆತ ನಿಂತು ಕಾಲಾಳುಗಳು ನಡೆದು ಬರುವಷ್ಟರಲ್ಲಿ ಮೇಲೆ ಬಂದು ಮೆಷಿನ್ ಗನ್ ಹೂಡುತ್ತಿದ್ದರು. ನಡುವೆ ಸಿಗುವ ಆ ಕೆಲವು ನಿಮಿಷಗಳೇ ಸಾವಿರಾರು ಜನರನ್ನು ಕೊಂದವು.

ಇದಕ್ಕೆ ಸಿಕ್ಕ ದಾರಿ ತೆವಳುವ ಬ್ಯಾರೇಜ್. ಕಾಲಾಳುಗಳ ಸ್ವಲ್ಪ ಮುಂದೆ ಷೆಲ್ಲುಗಳ ಪರದೆ ಬೀಳುತ್ತದೆ. ಅವರು ಹೆಜ್ಜೆ ಹಾಕಿದಂತೆ ಅದೂ ಮುಂದಕ್ಕೆ ಸರಿಯುತ್ತದೆ. ಇದು ಬ್ರೂಕ್ ಒಬ್ಬರೇ ಕಂಡುಹಿಡಿದದ್ದಲ್ಲ, ಫ್ರೆಂಚರೂ ಬಳಸುತ್ತಿದ್ದರು. ಬ್ರೂಕ್ ಹುಟ್ಟಿ ಬೆಳೆದದ್ದು ಫ್ರಾನ್ಸಿನಲ್ಲಿ. ಫ್ರೆಂಚ್ ಅವರಿಗೆ ನೀರು ಕುಡಿದಷ್ಟು ಸಲೀಸು.

ಬ್ಯಾರೇಜ್ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರ ತುಂಬ ಒಂದರ ಮುಂದೊಂದು ಗೆರೆ, ಪ್ರತಿ ಗೆರೆಯ ಮೇಲೂ ಒಂದು ಸಮಯ. ಮೂರು ನಿಮಿಷಕ್ಕೆ 100 ಗಜ. ಗಾಳಿ ಎತ್ತ ಬೀಸುತ್ತಿದೆ, ಕೊಳವೆ ಎಷ್ಟು ಸವೆದಿದೆ, ಮದ್ದು ಎಷ್ಟು ತಣ್ಣಗಿದೆ, ಎಲ್ಲ ಲೆಕ್ಕಕ್ಕೆ ಬರಬೇಕು. ಲೆಕ್ಕ ತಪ್ಪಿದರೆ ಷೆಲ್ ಬೀಳುವುದು ನಮ್ಮವರ ಮೇಲೆಯೇ. ಕೆಸರಲ್ಲಿ ಕಾಲು ಹೂತ ಹುಡುಗ ಹಿಂದೆ ಬಿದ್ದರೆ ಪರದೆ ಅವನಿಗಾಗಿ ಕಾಯುವುದಿಲ್ಲ. ಹಾಗಾಗಿ ಗೆರೆ ಎಳೆಯುವವನು ಆ ಕೆಸರನ್ನೂ ಮೊದಲೇ ನೆನೆಯಬೇಕು.

1917ರಲ್ಲಿ ಬ್ರೂಕ್ ಕೆನಡಾ ಸೈನ್ಯದ ಫಿರಂಗಿಗಳ ಜೊತೆ ಇದ್ದರು. ಏಪ್ರಿಲ್ 9ರಂದು ವಿಮಿ ದಿಬ್ಬದ ಮೇಲೆ, ಹಿಮದ ಮಳೆಯಲ್ಲಿ, ನಾಲ್ಕು ಡಿವಿಜನ್‌ಗಳು ಇಂಥದೇ ಪರದೆಯ ಹಿಂದೆ ನಡೆದವು. ದಿಬ್ಬದ ಬಹುಪಾಲು ಅದೇ ದಿನ ಕೈಗೆ ಬಂತು.

ಎರಡು ಯುದ್ಧಗಳ ನಡುವಿನ ವರ್ಷಗಳಲ್ಲಿ ಜಾಸ್ತಿ ಪಾಠ ಹೇಳಿದರು. ಲಾರ್ಕ್‌ಹಿಲ್ ಫಿರಂಗಿ ಶಾಲೆಯ ಮುಖ್ಯಸ್ಥರೂ ಆಗಿದ್ದರು.

1940ರ ಮೇ 28ರಂದು ಬೆಲ್ಜಿಯಂ ಸೈನ್ಯ ಶರಣಾದಾಗ ಬ್ರಿಟಿಷರ ಎಡಪಕ್ಕ ಬಟಾಬಯಲಾಯಿತು. ಅಷ್ಟರಲ್ಲಿ ಬ್ರೂಕ್ ಹಿಂದಿನ ರಾತ್ರಿಯೇ ತಮ್ಮ ಕೈಕೆಳಗಿನ ಸೇನಾಧಿಕಾರಿ ಮಾಂಟ್‌ಗೊಮರಿಯ ಡಿವಿಜನ್ನನ್ನು ಕತ್ತಲಲ್ಲಿ ಅತ್ತ ಸಾಗಿಸಿದ್ದರು. ಬ್ರಿಟಿಷರು ಹಡಗು ಹತ್ತಿ ಊರಿಗೆ ಪಾರಾದ ಡಂಕರ್ಕ್ ತೀರಕ್ಕೆ ದಾರಿ ಉಳಿದದ್ದರಲ್ಲಿ ಈ ಓಡಾಟದ ಪಾಲು ದೊಡ್ಡದು. ಎರಡು ವಾರದ ಮೇಲೆ ಅವರನ್ನು ಮತ್ತೆ ಫ್ರಾನ್ಸಿಗೆ ಕಳಿಸಿದರು. ಅಲ್ಲಿ ನೋಡಿದರೆ ಎಲ್ಲ ಮುಗಿದಿತ್ತು. ಜೂನ್ 14ರ ರಾತ್ರಿ ಪ್ರಧಾನಿ ಚರ್ಚಿಲ್ ಫೋನಿನಲ್ಲಿ ಸಿಕ್ಕರು. ಇಬ್ಬರಿಗೂ ಅದೇ ಮೊದಲ ಮಾತು. ಫ್ರೆಂಚರಿಗೆ ನಾವು ಜೊತೆಗಿದ್ದೇವೆ ಎಂದು ಅನಿಸಬೇಕು ಎಂದರು ಚರ್ಚಿಲ್. ಹೆಣಕ್ಕೆ ಏನೂ ಅನಿಸುವುದಿಲ್ಲ ಎಂದರು ಬ್ರೂಕ್. ಸುಮಾರು ಅರ್ಧ ಗಂಟೆಯ ಹಗ್ಗಜಗ್ಗಾಟದ ಮೇಲೆ, ಸೈನ್ಯವನ್ನು ವಾಪಸ್ ಕರೆಸಿಕೊಳ್ಳಲು ಚರ್ಚಿಲ್ ಒಪ್ಪಿದರು. ಉಳಿದಿದ್ದ ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಊರು ಸೇರಿದರು.

1941ರ ಡಿಸೆಂಬರಿನಲ್ಲಿ ಇದೇ ಚರ್ಚಿಲ್ ಬ್ರೂಕರನ್ನು ಸೈನ್ಯದ ಮುಖ್ಯಸ್ಥರನ್ನಾಗಿ ಮಾಡಿಕೊಂಡರು. 1896ರಲ್ಲಿ ನಮ್ಮ ಬೆಂಗಳೂರಿನ ದಂಡಿಗೆ ಬಂದಿದ್ದ ಕುದುರೆ ಸವಾರ ದಳದ ಯುವಕ ಈ ಚರ್ಚಿಲ್ಲರೇ. ಚರ್ಚಿಲ್ಲರಿಗೆ ದಿನಕ್ಕೊಂದು ಹೊಸ ಯೋಜನೆ. ನಾರ್ವೆಗೆ ನುಗ್ಗೋಣ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಹಡಗು ಎಷ್ಟು, ವಿಮಾನ ಎಲ್ಲಿಂದ ಹಾರಬೇಕು ಎಂದು ಬ್ರೂಕ್ ಲೆಕ್ಕ ಮುಂದಿಡುತ್ತಿದ್ದರು. ಜಗಳ ಜೋರಾಗುತ್ತಿತ್ತು, ಆದರೂ ಚರ್ಚಿಲ್ ಅವರನ್ನು ತೆಗೆಯಲಿಲ್ಲ.

1940ರ ಜೂನ್ 18ರಂದು ಬ್ರೂಕ್ ಸಾಂ ನಜೇರ್ ಬಂದರು ಬಿಟ್ಟದ್ದು ಒಂದು ಮೀನುಗಾರಿಕೆಯ ಹಡಗಿನಲ್ಲಿ. ಹಿಂದಿನ ದಿನ ಮುಳುಗಿದ ಲಂಕಾಸ್ಟ್ರಿಯಾ ಹಡಗಿನ ಜನರನ್ನು ಎತ್ತಿಕೊಂಡಿದ್ದ ಅದರ ಅಟ್ಟಣೆಯ ಮೇಲೆಲ್ಲ ಎಣ್ಣೆಯ ಜಿಡ್ಡು. 1944ರ ಜೂನ್ 12ರಂದು ಅವರು ಮತ್ತೆ ಫ್ರಾನ್ಸಿನ ಮರಳಿನ ಮೇಲೆ ಕಾಲಿಟ್ಟರು. ಆಗ ಅವರು ಫೀಲ್ಡ್ ಮಾರ್ಷಲ್. ಜೊತೆಯಲ್ಲಿ ಚರ್ಚಿಲ್ ಇದ್ದರು.