ಪದ ಪರಿಚಯ: ನೀರೊಳಗಿನ ಹುಲ್ಲು

ಕೆರೆಯಲ್ಲಿ ಹಸಿರು ಕಂಡರೆ ಸಾಕು, ನಾವು ಎಲ್ಲವನ್ನೂ ಪಾಚಿ ಅಂದುಬಿಡುತ್ತೇವೆ. ನೀರೊಳಗಿನ ಹುಲ್ಲು ಪಾಚಿಯಲ್ಲ. ಇದಕ್ಕೆ ಬೇರಿದೆ, ಎಲೆಯಿದೆ, ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ. ಅಂತರಗಂಗೆಯ ಹಾಗೆ ತೇಲುವುದೂ ಇಲ್ಲ, ತಳದ ಕೆಸರಿನಲ್ಲಿ ಬೇರೂರಿ ನೀರಿನೊಳಗೇ ಬಾಳುತ್ತದೆ. ವಿಜ್ಞಾನಿಗಳು ಇದನ್ನು ಸಬ್‌ಮರ್ಜ್ಡ್ ಅಕ್ವಾಟಿಕ್ ವೆಜಿಟೇಶನ್, ಚಿಕ್ಕದಾಗಿ ಎಸ್‌ಎವಿ ಎನ್ನುತ್ತಾರೆ. ಅಕ್ವೇರಿಯಂ ಅಂಗಡಿಗಳಲ್ಲಿ ರಿಬ್ಬನ್‌ನಂಥ ಎಲೆಯ ವ್ಯಾಲಿಸ್ನೇರಿಯಾ ಗಿಡ ನೋಡಿರುತ್ತೀರಿ, ಅಲ್ವಾ? ಅದು ಇದೇ ಗುಂಪಿನದು.

ಈ ಹುಲ್ಲಿನ ಜೊತೆ ಸದಾ ಕೇಳಿಬರುವ ಇನ್ನೊಂದು ಹೆಸರು ಮುಳುಗು ಬಾತು. ಕೆಲವು ಬಾತುಗಳು ಬಾಲ ಮೇಲೆತ್ತಿ, ತಲೆ ಮಾತ್ರ ಅದ್ದಿ ಮೇಯುತ್ತವೆ. ಮುಳುಗು ಬಾತುಗಳು ತಳಕ್ಕೇ ಇಳಿಯುತ್ತವೆ. ಕಾಲುಗಳು ಮೈಯ ಹಿಂಭಾಗದಲ್ಲಿ ಇರುವುದರಿಂದ ಈಜಿಗೆ ಅನುಕೂಲ, ನೆಲದ ಮೇಲೆ ನಡಿಗೆ ಮಾತ್ರ ಒಡ್ಡೊಡ್ಡು.

ಎರಡರ ನಂಟು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಅಮೆರಿಕದ ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಯಲ್ಲಿ. ಅಲ್ಲಿ ಚಳಿಗಾಲ ಕಳೆಯುವ ಕ್ಯಾನ್ವಾಸ್‌ಬ್ಯಾಕ್ ಕೆಂಪು ತಲೆಯ, ಬಿಳಿ ಬೆನ್ನಿನ ಬಾತು. 1814ರಲ್ಲಿ ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್ ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲೇ ವ್ಯಾಲಿಸ್ನೇರಿಯಾ ಇದೆ. ಚಳಿ ಬಂತೆಂದರೆ ಆ ಗಿಡದ ಎಲೆ ಕೊಳೆಯುತ್ತದೆ, ಕೆಸರಿನೊಳಗೆ ಪಿಷ್ಟ ತುಂಬಿದ ಪುಟ್ಟ ಗಡ್ಡೆಗಳು ಉಳಿಯುತ್ತವೆ. ಹಕ್ಕಿ ಮುಳುಗಿ, ಉದ್ದ ಕೊಕ್ಕನ್ನು ಕೆಸರಿಗೆ ಹೂತು, ಕೆದಕಿ ಕೆದಕಿ ಗಡ್ಡೆ ಕೀಳುತ್ತದೆ. ಹತ್ತೊಂಬತ್ತನೇ ಶತಮಾನದ ದೊಡ್ಡ ಹೋಟೆಲುಗಳಲ್ಲಿ ಈ ಬಾತಿನ ಮಾಂಸಕ್ಕೆ ಭಾರೀ ಬೆಲೆಯಿತ್ತು. ಆ ರುಚಿ ಗಡ್ಡೆಯಿಂದಲೇ ಬಂದದ್ದು ಅನ್ನುತ್ತಿದ್ದರು.

ಮುಂದೆ ಈ ಕೊಲ್ಲಿಯ ಹುಲ್ಲು ಬಹಳ ಕಡಿಮೆಯಾಯಿತು. ಏಕೆ? ಒಂದೇ ಮಾತಲ್ಲಿ ಹೇಳುವುದಾದರೆ, ಬೆಳಕು ಸಿಗದೆ. ಹೊಲದ ಗೊಬ್ಬರ, ಊರಿನ ಕೊಳಚೆಯಿಂದ ಸಾರಜನಕ, ರಂಜಕ ಕೊಲ್ಲಿಗೆ ಸೇರಿದಾಗ ಸೂಕ್ಷ್ಮ ಪಾಚಿ ಮಿತಿಮೀರಿ ಬೆಳೆದು ನೀರು ಬಗ್ಗಡವಾಗುತ್ತದೆ. ಇದು ಅರ್ಧ ಕಥೆ ಅಷ್ಟೇ. ಅದೇ ಪೋಷಕಾಂಶ ಉಂಡು ಎಲೆಯ ಮೈಮೇಲೂ ಕಂದು ಲೋಳೆ ಕಟ್ಟುತ್ತದೆ. ನೀರು ದಾಟಿ ಬಂದ ಚೂರುಪಾರು ಬೆಳಕನ್ನೂ ಅದು ತಡೆಯುತ್ತದೆ. ಇದರ ಮೇಲೆ 1972ರ ಜೂನ್‌ನಲ್ಲಿ, ಹುಲ್ಲು ಬೆಳೆಯುವ ಕಾಲದಲ್ಲೇ, ಆಗ್ನೆಸ್ ಚಂಡಮಾರುತದ ನೆರೆ ರಾಶಿ ರಾಶಿ ಹೂಳು ತಂದು ಸುರಿಯಿತು. 1984ರ ಸಮೀಕ್ಷೆಯಲ್ಲಿ ಇಡೀ ಕೊಲ್ಲಿಯಲ್ಲಿ ಕಂಡ ಹುಲ್ಲು ಸುಮಾರು 38,000 ಎಕರೆ. 2014ರ ಒಪ್ಪಂದದಲ್ಲಿ ಇಟ್ಟುಕೊಂಡ ಗುರಿ 1,85,000 ಎಕರೆ.

1950ರ ದಶಕದಲ್ಲಿ ಚೆಸಾಪೀಕ್‌ನಲ್ಲಿ ಚಳಿಗಾಲ ಕಳೆಯುತ್ತಿದ್ದ ಕ್ಯಾನ್ವಾಸ್‌ಬ್ಯಾಕ್‌ಗಳು ಸುಮಾರು 2.5 ಲಕ್ಷ. ಮುಂದೆ ಅದು 50,000ದ ಆಸುಪಾಸಿಗೆ ಇಳಿಯಿತು. ತಪ್ಪೆಲ್ಲ ಹುಲ್ಲಿನದೇ ಅನ್ನುವಂತಿಲ್ಲ. ಇವು ಮರಿ ಮಾಡುವುದು ಕೆನಡಾ ಮತ್ತು ಅಮೆರಿಕ ದೇಶದ ಉತ್ತರ ಭಾಗದ ಬಯಲು ಹೊಂಡಗಳಲ್ಲಿ, ಅಲ್ಲಿ ಬರ ಬಿದ್ದರೂ ಸಂಖ್ಯೆ ಕುಸಿಯುತ್ತದೆ. ಉಳಿದವು ಗಡ್ಡೆ ಬಿಟ್ಟು ಕೆಸರಿನ ಚಿಕ್ಕ ಚಿಪ್ಪುಮೀನು ತಿನ್ನಲು ಕಲಿತವು. ಹೊಟ್ಟೆ ತುಂಬುತ್ತದೆ ನಿಜ, ಆದರೆ ನುಂಗಿದ್ದರಲ್ಲಿ ಜಾಸ್ತಿ ಪಾಲು ಬರೀ ಚಿಪ್ಪು. ಹಾಗಾಗಿ ಕೊಲ್ಲಿಯಲ್ಲಿ ಬಾತು ಕಂಡಿತೆಂದ ಮಾತ್ರಕ್ಕೆ ಹುಲ್ಲು ಇದೆ ಅಂದುಕೊಳ್ಳಲಾಗದು.

ಕ್ಯಾನ್ವಾಸ್‌ಬ್ಯಾಕ್‌ನ ಹತ್ತಿರದ ನೆಂಟ ರೆಡ್‌ಹೆಡ್ ಬಾತಿಗೆ ಹುಲ್ಲೇ ಬೇಕು. ಅದು ಊಟ ಬದಲಿಸಲಿಲ್ಲ, ಚೆಸಾಪೀಕನ್ನೇ ಬಹುಪಾಲು ಬಿಟ್ಟಿತು.

ಹುಲ್ಲು ಮರಳಿದ್ದೂ ಉಂಟು. ಮೇರಿಲ್ಯಾಂಡ್ ರಾಜ್ಯ 1985ರಲ್ಲಿ ಫಾಸ್ಫೇಟ್ ಇರುವ ಬಟ್ಟೆ ಸೋಪಿನ ಪುಡಿ ನಿಷೇಧಿಸಿತು, ಕೊಳಚೆ ಶುದ್ಧೀಕರಣ ಘಟಕಗಳು ಸುಧಾರಿಸಿದವು. ಸಸ್ಕ್ವೆಹಾನಾ ನದಿ ಕೊಲ್ಲಿ ಸೇರುವ ಕಡೆ ದೊಡ್ಡ ಹುಲ್ಲುಗಾವಲೇ ಮತ್ತೆ ಎದ್ದಿತು. 2011ರ ನೆರೆ ಅದರ ಅಂಚನ್ನು ಕಿತ್ತರೂ ನಡುಭಾಗ ಉಳಿಯಿತು. ಒತ್ತಾಗಿ ಬೆಳೆದ ಹುಲ್ಲು ನೀರಿನ ವೇಗ ತಗ್ಗಿಸುತ್ತದೆ, ಹೂಳು ತಳ ಸೇರುತ್ತದೆ, ತನಗೆ ಬೇಕಾದ ತಿಳಿನೀರನ್ನು ಹುಲ್ಲು ತಾನೇ ಮಾಡಿಕೊಳ್ಳುತ್ತದೆ.

ಇಂದು ರೆಡ್‌ಹೆಡ್‌ಗಳಲ್ಲಿ ಹೆಚ್ಚಿನವು ಚಳಿಗಾಲ ಕಳೆಯುವುದು ಟೆಕ್ಸಾಸ್ ಮತ್ತು ಮೆಕ್ಸಿಕೋ ಕರಾವಳಿಯ ಲಗೂನಾ ಮಾದ್ರೆ ಎಂಬ ಉಪ್ಪು ಹಿನ್ನೀರಿನಲ್ಲಿ, ಅಲ್ಲಿನ ಹುಲ್ಲಿನ ಮಣ್ಣೊಳಗೆ ಹರಡುವ ಬೇರುಕಾಂಡ ತಿಂದುಕೊಂಡು. ಉಪ್ಪು ಜಾಸ್ತಿ ಇರುವುದರಿಂದ ಸಿಹಿನೀರು ಕುಡಿಯಲು ದಡದಾಚೆಯ ಹೊಂಡಗಳಿಗೆ ಹಾರಿ ಹೋಗಿ ಬರುತ್ತವೆ. 1990ರಲ್ಲಿ ಟೆಕ್ಸಾಸ್ ಭಾಗದ ಆ ಹಿನ್ನೀರಿಗೂ ಕಂದು ಪಾಚಿ ಹಬ್ಬಿ ವರ್ಷಗಟ್ಟಲೆ ಉಳಿಯಿತು, ಆಳದ ಕಡೆಯ ಹುಲ್ಲು ಬೆಳಕಿಲ್ಲದೆ ಸತ್ತಿತು.